ಇಲ್ಲದವನು ಗೆದ್ದ ಫೈನಲ್

ಫೈನಲ್‌ಗೆ ಸ್ವಲ್ಪ ಮೊದಲು ರಫೀಕ್ ನನ್ನನ್ನು ಕೇಳಿದ: "ಸೆಮಿಫೈನಲ್ ಯಾವಾಗ ಮಾರಾಯ?"

ಸೆಮಿಫೈನಲನ್ನು ಅವನು ಆಗಷ್ಟೇ ಗೆದ್ದು ಬಂದಿದ್ದ.

ತೊಂಬತ್ತರ ದಶಕದ ಕೊನೆ. ಮೂಡುಬಿದಿರೆಯ ಒಂದು ಸಭಾಂಗಣದಲ್ಲಿ ಕರಾಟೆ ಚಾಂಪಿಯನ್‌ಶಿಪ್. (ಆಗ ನಮ್ಮ ಕಡೆ ಕರಾಟೆ ಕ್ಲಾಸ್ ಇಲ್ಲದ ಊರು ಇತ್ತೇ?) ರಫೀಕ್ ಬಿ.ಸಿ.ರೋಡಿನ ಬಟ್ಟೆ ಅಂಗಡಿಯವನು, ನನ್ನ ಗೆಳೆಯ. ಅವನ ಬ್ಯಾಗು ಹಿಡಿಯಲು ನಾನು ಹೋಗಿದ್ದೆ. ಸೆಮಿಫೈನಲಿನಲ್ಲಿ ಅವನ ಕಿವಿಯ ಮೇಲೆ ಒಂದು ಒದೆ ಬಿದ್ದಿತ್ತು. ಬಿದ್ದ, ಎದ್ದ, ಪಾಯಿಂಟಿನಲ್ಲಿ ಗೆದ್ದ. ನೋಡಿದರೆ ಏನೂ ಆಗಿಲ್ಲ. ನಗುತ್ತಿದ್ದ. ಆದರೆ ಆ ನಗು ನಿಲ್ಲುತ್ತಲೇ ಇರಲಿಲ್ಲ.

ಸೆಮಿಫೈನಲ್ ಮುಗಿಯಿತು ಎಂದೆ. ತಲೆಯಾಡಿಸಿದ. ನೀರು ಕುಡಿದು ಮತ್ತೆ ಅದೇ ಪ್ರಶ್ನೆ ಕೇಳಿದ, ಅದೇ ದನಿಯಲ್ಲಿ.

ಮುಖ್ಯ ರೆಫರಿಯ ಬಳಿ ಓಡಿದೆ.

"ಸರ್, ಇವನಿಗೆ ಏನೋ ಆಗಿದೆ. ಡಾಕ್ಟರ್ ಇದ್ದಾರಾ?"

"ಊಟಕ್ಕೆ ಹೋಗಿದ್ದಾರೆ. ಇವ ನಿಂತಿದ್ದಾನಲ್ಲ? ನಿಂತವನನ್ನು ಆಡಬೇಡ ಅಂತ ಹೇಳ್ಲಿಕ್ಕೆ ನಮ್ಮಲ್ಲಿ ರೂಲ್ ಇಲ್ಲ. ಅತಿಥಿಗಳು ಬಂದಾಗಿದೆ, ಫೈನಲ್ ಆಗ್ಲೇಬೇಕು."

ರಫೀಕನ ಕೈ ಹಿಡಿದು ಹೊರಗೆ ಕರೆದೊಯ್ಯಲು ನೋಡಿದೆ. ಮೈಕಿನಲ್ಲಿ ತನ್ನ ಹೆಸರು ಕೇಳಿದ್ದೇ ಕೈ ಬಿಡಿಸಿಕೊಂಡು ನಡೆದುಬಿಟ್ಟ.

ಎದುರಾಳಿ ತೋಡಾರಿನ ಸದಾನಂದ. ಮೊದಲು ಇಬ್ಬರೂ ಪರಸ್ಪರ ಬಾಗಿ ನಮಸ್ಕರಿಸಬೇಕು. ರಫೀಕ್ ಸದಾನಂದನಿಗೆ ಬೆನ್ನು ಹಾಕಿ, ಖಾಲಿ ಗೋಡೆಗೆ ಬಾಗಿದ. ಅಲ್ಲಿಂದ ಯಾರೋ ತಿರುಗಿ ನಮಸ್ಕರಿಸಿದ ಹಾಗೆ ನಕ್ಕ. ಸಭೆಯಲ್ಲೂ ಕೆಲವರು ನಕ್ಕರು.

ಸದಾನಂದ ನಗಲಿಲ್ಲ. ರೆಫರಿ ಭುಜ ಹಿಡಿದು ರಫೀಕನನ್ನು ತಿರುಗಿಸಿದಾಗ ಅವನ ಕಣ್ಣನ್ನೇ ನೋಡಿದ. ನಿಧಾನಕ್ಕೆ ಕೈ ಕೆಳಗೆ ಬಿಟ್ಟ.

"ನಾನು ಹೊಡೆಯುವುದಿಲ್ಲ ಸರ್" ಎಂದವನೇ ಮ್ಯಾಟಿನಿಂದ ಇಳಿದ.

ಆಟ ಬಿಟ್ಟವನಿಗೆ ಸೋಲು. ಅದಕ್ಕೆ ರೂಲ್ ಇತ್ತು. ಮೇಲಿಂದ ಅಶಿಸ್ತು ಎಂದು ಒಂದು ವರ್ಷ ನಿಷೇಧ. ಅದಕ್ಕೂ ರೂಲ್ ಇತ್ತು. ರಫೀಕ್ ಕಪ್ ಎತ್ತಿದ, ಹಾರ ಹಾಕಿಸಿಕೊಂಡ, ಬಸ್‌ಸ್ಟ್ಯಾಂಡಿನಲ್ಲಿ ವಾಂತಿ ಮಾಡಿ ಕುಸಿದ. ಆಸ್ಪತ್ರೆಯಲ್ಲಿ ಹುಷಾರಾದ, ನಿಜ. ಆ ದಿನ ಮಾತ್ರ ಅವನಿಗೆ ವಾಪಸ್ ಸಿಗಲಿಲ್ಲ. ಬೆಳಿಗ್ಗೆ ಬಸ್ ಹತ್ತಿದ್ದು ನೆನಪು. ಆಮೇಲೆ ಏನೂ ಇಲ್ಲ.

ಕಳೆದ ವಾರ ಅವನ ಅಂಗಡಿಗೆ ಹೋಗಿದ್ದೆ. ಸೀರೆ ಮಡಚುತ್ತಾ ಹೇಳಿದ: "ನನಗೆ ಒಂದು ಕನಸು ಬೀಳ್ತದೆ. ಒಬ್ಬ ಎದುರು ನಿಂತಿರ್ತಾನೆ, ಕೈ ಕೆಳಗೆ ಬಿಟ್ಟು. ಮುಖ ಇಲ್ಲ. ಯಾರು ಅಂತ ನಿನಗೆ ಗೊತ್ತುಂಟಾ?"

ಗೊತ್ತಿತ್ತು. ಇಷ್ಟು ವರ್ಷ ಅವನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಹೇಳಿದೆ. ಕಪ್ಪನ್ನು ಚೀಲಕ್ಕೆ ಹಾಕಿಕೊಂಡು ಇಬ್ಬರೂ ತೋಡಾರಿಗೆ ಹೋದೆವು. ಸದಾನಂದ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ. ನಿಷೇಧದ ನಂತರ ಅವನು ಮ್ಯಾಟ್ ಹತ್ತಲೇ ಇಲ್ಲವಂತೆ. ರಫೀಕ್ ಅವನ ಮುಖವನ್ನು ತುಂಬ ಹೊತ್ತು ನೋಡಿದ. ಗುರುತು ಸಿಗಲಿಲ್ಲ. ಕಪ್ ತೆಗೆದು ಮುಂದಿಟ್ಟ.

"ಇದು ನಿಮ್ಮದು. ಆಡಿದ್ರೆ ನೀವೇ ಗೆಲ್ತಿದ್ರಿ."

ಸದಾನಂದ ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

"ಯಾರನ್ನು ಗೆಲ್ಲುವುದು? ಅಲ್ಲಿ ನೀವು ಇರ್ಲೇ ಇಲ್ಲ."

ಬೆಲ್ಟಿನ ಗಂಟಿಗೆ, ಉಗುರಿನ ಉದ್ದಕ್ಕೆ, ಮ್ಯಾಟಿನ ಗೆರೆಗೆ ರೂಲ್ ಬರೆದವರು ಈ ಒಂದನ್ನು ಬರೆಯಲಿಲ್ಲ. ಪ್ರಶಸ್ತಿಯ ಪಂದ್ಯಕ್ಕೆ ಒಬ್ಬನನ್ನು ಕಳಿಸುವ ಮೊದಲು, ಅವನು ಅಲ್ಲಿದ್ದಾನೆಯೇ ಎಂದು ಯಾರು ನೋಡಬೇಕು?

ಮತ್ತೆ, ಆ ದಿನ ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಯಾರಿಗೆ?