ದ್ಯಾವಮ್ಮ ಆರಿಸಿದ ಹರಳು

ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ದ್ಯಾವಮ್ಮ ಇಪ್ಪತ್ತೆಂಟು ವರ್ಷದಿಂದ ಕಾಫಿಬೀಜ ಆರಿಸುತ್ತಿದ್ದಾಳೆ. ಮುರುಕು, ಕಪ್ಪು, ಹುಳ ಕೊರೆದದ್ದು, ಯಾವುದೇ ಇರಲಿ, ಬೆರಳು ಮುಟ್ಟುವ ಮೊದಲೇ ಕಣ್ಣು ಮುಟ್ಟಿರುತ್ತದೆ. ಹೊಸ ಹೆಂಗಸರು ಅವಳ ಕೈ ನೋಡುತ್ತ ಕಲಿಯಲು ಕೂತರೆ, "ಕೈ ಯಾಕೆ ನೋಡ್ತೀರಿ, ಬೀಜ ನೋಡ್ರೇ" ಎಂದು ಗದರುತ್ತಾಳೆ. ಗದರಿದ ಮೇಲೆ ಎಲೆಅಡಿಕೆ ಕೊಡುತ್ತಾಳೆ. ಅವಳ ಕಣ್ಣಿನ ಮೇಲೆ ಬೀದಿಗೆಲ್ಲ ಎಂಥಾ ನಂಬಿಕೆ ಅಂದರೆ, ಸೀರೆಗೆ ರವಿಕೆ ಹೊಂದಿಸಲು, ಫೋಟೋ ನೋಡಿ ಮದುವೆ ಗಂಡಿನ ನಿಜವಾದ ವಯಸ್ಸು ಹೇಳಲು ಕೂಡ ಅವಳನ್ನೇ ಕರೆಯುತ್ತಾರೆ. ವಯಸ್ಸನ್ನು ಮಾತ್ರ ಅವಳು ಯಾವಾಗಲೂ ಐದು ವರ್ಷ ಹೆಚ್ಚೇ ಹೇಳುವುದು.

ಎರಡು ವರ್ಷದ ಕೆಳಗೆ ವರ್ಕ್ಸಿಗೆ ಬಣ್ಣ ನೋಡಿ ಬೀಜ ಬೇರ್ಪಡಿಸುವ ಮಿಷನ್ ಬಂತು. ನಲವತ್ತು ಹೆಂಗಸರಿದ್ದ ಕಡೆ ಆರು ಜನ ಉಳಿದರು. ಮಿಷನ್ ಬಿಟ್ಟ ತಪ್ಪನ್ನು ಹಿಡಿಯುವ ಕೊನೆಯ ಮೇಜು ದ್ಯಾವಮ್ಮನದು. ವರ್ಕ್ಸಿನ ಲೆಕ್ಕ ಬರೆಯುವ ರೈಟರ್ ದಿಲೀಪ್ ಸಂಜೆ ಬಂದು, "ಇವತ್ತು ನಮ್ಮ ಮಿಷನ್ ಹೇಗೆ?" ಎಂದು ಕೇಳುವುದು, ಅವಳು "ಕನ್ನಡಕ ಹಾಕ್ಸಿ ಸಾರ್ ಅದಕ್ಕೆ" ಎನ್ನುವುದು ದಿನಾ ಇದ್ದದ್ದೇ.

ಆದರೆ ಈ ವರ್ಷ ಹಾಗೆ ಹೇಳುವುದು ಅವಳಿಗೆ ಸುಲಭವಿರಲಿಲ್ಲ. ಎಡಗಣ್ಣಿಗೆ ಸಣ್ಣಗೆ ಮಂಜು ಕವಿಯತೊಡಗಿತ್ತು. ಯಾರಿಗೂ ಹೇಳಿರಲಿಲ್ಲ. ಕಣ್ಣು ಹೋದರೆ ಮೇಜು ಹೋಯಿತು, ಮೇಜು ಹೋದರೆ ದ್ಯಾವಮ್ಮ ಅಂತ ಕರೆಸಿಕೊಳ್ಳಲು ಏನು ಉಳಿಯಿತು? ಅವಳಿಗೆ ನಿಜವಾಗಿಯೂ ಭಯವಾಗಿತ್ತು.

ಇಂಥ ಹೊತ್ತಿನಲ್ಲೇ ಮಗಳು ಸುಕನ್ಯಾಳ ಮದುವೆ ಕಳಸದ ಕಡೆಯ ಹುಡುಗನೊಂದಿಗೆ ನಿಶ್ಚಯವಾಯಿತು. ಸುಕನ್ಯಾ ಕೇಳಿದ್ದು ಒಂದೇ, ಒಂಟಿ ಹರಳಿನ ವಜ್ರದ ಮೂಗುಬೊಟ್ಟು. "ಹರಳು ನೀನೇ ಆರಿಸ್ಬೇಕು ಅವ್ವ. ನಾನು ನೋಡೋದೂ ಇಲ್ಲ."

ದ್ಯಾವಮ್ಮ ಒಬ್ಬಳೇ ಪೇಟೆಯ ಅಂಗಡಿಗೆ ಹೋದಳು. ತಲೆಯ ಮೇಲೆ ಹತ್ತಾರು ಪುಟ್ಟ ದೀಪಗಳು, ಅವುಗಳ ಕೆಳಗೆ ಗಾಜಿನ ಪೆಟ್ಟಿಗೆಯ ಬೀಗದ ಕೈ ಕೂಡ ಫಳಫಳ ಹೊಳೆಯುತ್ತಿತ್ತು. ವರ್ಕ್ಸಿನಲ್ಲಿ ಬೀಜವನ್ನು ಜರಡಿಗೆ ಹಾಕುತ್ತಾರೆ. ಅಗಲವಾದದ್ದು ಮೇಲೆ ನಿಲ್ಲುತ್ತದೆ, ಮೇಲೆ ನಿಂತದ್ದೇ ಮೊದಲ ದರ್ಜೆ. ಇಪ್ಪತ್ತೆಂಟು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ? ಇದ್ದುದರಲ್ಲಿ ಅಗಲವಾದ, ಬಿಳಿಯಾದ, ಒಂದು ಚುಕ್ಕೆಯೂ ಇಲ್ಲದ ಹರಳನ್ನು ಆರಿಸಿ, ಮೂಗುಬೊಟ್ಟಿಗೆ ಕೂರಿಸಿಕೊಂಡು, ಗೆದ್ದವಳ ಹಾಗೆ ಮನೆಗೆ ಬಂದಳು.

ಮಾರನೆಯ ಬೆಳಿಗ್ಗೆ ಸುಕನ್ಯಾ ಅದನ್ನು ಹಾಕಿಕೊಂಡು ಹೊಸಿಲಲ್ಲಿ ಕನ್ನಡಿ ಹಿಡಿದಳು. "ಅವ್ವ, ಇದು... ಚೆನ್ನಾಗಿದೆ."

'ಇದು' ಎಂಬುದಕ್ಕೂ 'ಚೆನ್ನಾಗಿದೆ' ಎಂಬುದಕ್ಕೂ ನಡುವೆ ಒಂದು ಲಾರಿ ಹಾದುಹೋಗುವಷ್ಟು ಜಾಗವಿತ್ತು. ದ್ಯಾವಮ್ಮ ಹತ್ತಿರ ಹೋಗಿ ನೋಡಿದಳು. ಹರಳು ಕಿಟಕಿಯ ಗಾಜಿನ ಚೂರಿನಂತೆ ಸಪ್ಪಗಿತ್ತು, ನಡುವಿನಲ್ಲಿ ಮಗಳ ಮೂಗಿನ ಚರ್ಮವೇ ಕಾಣುತ್ತಿತ್ತು. ಅವಳು ಜಗಲಿಯ ಮೇಲೆ ಕೂತುಬಿಟ್ಟಳು.

"ನನ್ನ ಕಣ್ಣು ಹೋಯ್ತು ಕಣೇ. ಸೋಮವಾರ ರೈಟರಿಗೆ ಹೇಳ್ಬಿಡ್ತೀನಿ, ಮೇಜಿಗೆ ಬೇರೆ ಯಾರನ್ನಾದ್ರೂ ಕೂರಿಸ್ಲಿ."

ಎಡಗಣ್ಣಿನ ಮಂಜಿನ ಸಂಗತಿ ಆಗ ಹೊರಬಿತ್ತು. ಸುಕನ್ಯಾ ಕೇಳಿಸಿಕೊಂಡು, "ನಿನ್ನ ಕಣ್ಣು ಹೋಗಿದ್ರೆ ನಿಂಗೆ ಮಾತ್ರ ಸಪ್ಪೆ ಕಾಣ್ಬೇಕು. ನಂಗ್ಯಾಕೆ ಕಾಣ್ತಿದೆ? ಏಳು, ಅಂಗಡಿಗೆ ಹೋಗಾಣ" ಎಂದಳು. ದ್ಯಾವಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

ಅಂಗಡಿಯಲ್ಲಿ ಹರಳು ಕೂರಿಸುವ ಜನಾರ್ದನ ಆಚಾರ್ರು ಮೂಗುಬೊಟ್ಟಿನಿಂದ ಕಲ್ಲನ್ನು ಬಿಡಿಸಿ, ದಿನಪತ್ರಿಕೆಯ ಮೇಲೆ ಮಗುಚಿ ಇಟ್ಟರು. ಕಲ್ಲಿನೊಳಗಿಂದ ಅಕ್ಷರ ಮಸುಕಾಗಿ ಕಂಡಿತು.

"ಕಲ್ಲು ಶುದ್ಧ ಇದೆ ತಾಯಿ, ಸಾಣೆ ಹಿಡಿದವ ಕೆಡಿಸಿದ್ದಾನೆ. ಅಗಲ ಕಾಣ್ಲಿ ಅಂತ ತೆಳ್ಳಗೆ ಮಾಡ್ಬಿಟ್ಟಿದ್ದಾನೆ. ಮೇಲಿಂದ ಇಳಿದ ಬೆಳಕು ಕೆಳಗಿನ ಮುಖಗಳಿಗೆ ಬಡಿದು ವಾಪಸ್ ಮೇಲಕ್ಕೆ ಬರ್ಬೇಕು, ಆಗ್ಲೇ ಹೊಳಪು. ಕೆಳಗಿನ ಇಳಿಜಾರು ಸರಿಯಿಲ್ದಿದ್ರೆ ತೂತು ಬಿಂದಿಗೆ ಥರ ಬೆಳಕೆಲ್ಲ ಅಡಿಯಿಂದ ಸೋರಿಹೋಗತ್ತೆ."

"ಮತ್ತೆ ನಿನ್ನೆ ಇಲ್ಲಿ ಹೊಳೀತಿತ್ತಲ್ಲ ಸ್ವಾಮಿ?"

ಆಚಾರ್ರು ತಲೆಯ ಮೇಲಿನ ದೀಪಗಳತ್ತ ನೋಡಿದರು. ದ್ಯಾವಮ್ಮನಿಗೆ ತನ್ನ ಮೇಲೇ ಸಿಟ್ಟು ನೆತ್ತಿಗೇರಿತು. ವರ್ಕ್ಸಿನಲ್ಲಿ ಬಲ್ಬಿನ ಕೆಳಗೆ ಬೀಜ ನೋಡಿದವರನ್ನು ಅವಳು ಸುಮ್ಮನೆ ಬಿಟ್ಟವಳಲ್ಲ. ಉತ್ತರದ ಕಿಟಕಿ, ನೀಲಿ ಕಾಗದ, ಹಗಲು ಬೆಳಕು, ಇದು ಅವಳೇ ಎಲ್ಲರಿಗೂ ಕಲಿಸಿದ ಪಾಠ. ಥಳುಕಿನ ಅಂಗಡಿಗೆ ಕಾಲಿಟ್ಟ ಕೂಡಲೇ ಅದನ್ನೇ ಮರೆತಿದ್ದಳು!

"ಒಂದು ನೀಲಿ ಕಾಗದ ಕೊಡಿ. ಹರಳುಗಳನ್ನ ಬಾಗ್ಲಿಗೆ ತನ್ನಿ."

ಹೊರಗೆ ಮೋಡ ಮುಚ್ಚಿತ್ತು, ಮಳೆ ಇನ್ನೇನು ಬೀಳುವಂತಿತ್ತು. ಹೊಸಿಲ ಮೇಲೆ ಕಾಗದ ಹಾಸಿ ಒಂಬತ್ತು ಹರಳು ಹರಡಿದರು. ದ್ಯಾವಮ್ಮ ಕುಕ್ಕರಗಾಲಿನಲ್ಲಿ ಕೂತು, ಬೇಕೆಂದೇ ಬಲಗಣ್ಣು ಮುಚ್ಚಿದಳು. ಮಂಜು ಕವಿದ ಎಡಗಣ್ಣಿಗೆ ಎಂಟು ಹರಳು ಮಸುಕು ಚುಕ್ಕೆಗಳಾಗಿ ಕಂಡವು. ಒಂದು ಮಾತ್ರ, ಎಲ್ಲಕ್ಕಿಂತ ಚಿಕ್ಕದು, ತಲೆ ಒಂದಿಷ್ಟು ಅಲುಗಿಸಿದರೆ ಸಾಕು, ಆ ಮಂಜನ್ನೂ ತೂರಿಕೊಂಡು ಮಿಣಕ್ಕೆಂದಿತು.

"ಇದು. ಪೀಬೆರಿ ಕಾಫಿಬೀಜದ ಥರ ಇದೆ, ಸಣ್ಣದು, ಗುಂಡಗೆ, ಗಟ್ಟಿ."

ಆಚಾರ್ರು ಮಸೂರದಲ್ಲಿ ತಿರುಗಿಸಿ ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು. "ಸಾಣೆ ಅಂದ್ರೆ ಇದು. ನಮ್ಮನೆಯವಳಿಗೆ ಅಂತ ಎತ್ತಿಡಾಣ ಅಂತಿದ್ದೆ ತಾಯಿ."

"ಅವ್ರಿಗೆ ಅಗಲದ್ದು ಕೊಡಿ ಸ್ವಾಮಿ, ಬೇಡ ಅಂದೋರು ಯಾರು?"

ಸೋಮವಾರ ಸಂಜೆ ದಿಲೀಪ್ ಮೇಜಿನ ಬಳಿ ಬಂದು ಎಂದಿನಂತೆ, "ಇವತ್ತು ನಮ್ಮ ಮಿಷನ್ ಹೇಗೆ?" ಎಂದ.

ದ್ಯಾವಮ್ಮ ಕೈಯಲ್ಲಿದ್ದ ಕಪ್ಪು ಬೀಜವನ್ನು ಅವನ ಅಂಗೈ ಮೇಲಿಟ್ಟಳು. "ನಾಳೆ ಅದಕ್ಕೂ ರಜ ಕೊಡಿ ಸಾರ್. ನಾನು ಕಣ್ಣಾಸ್ಪತ್ರೆಗೆ ಹೋಗ್ತಿದೀನಿ. ಅದೊಂದನ್ನೇ ಬಿಟ್ಟು ಹೋಗೋಕೆ ನಂಗೆ ಧೈರ್ಯ ಇಲ್ಲ."