ಕೀ ನಂಬದ ಷಣ್ಮುಗಂ ಸರ್

ಟೇಬಲ್ ಫ್ಯಾನಿನ ಮುಂದೆ ಷಣ್ಮುಗಂ ಸರ್ ಎಂದೂ ಹಾಯುತ್ತಿರಲಿಲ್ಲ. ಕರೆಂಟ್ ಹೋಗಿದ್ದರೂ ಅಷ್ಟೇ. ಹಲಸೂರಿನ ಅವರ ಮನೆಯಲ್ಲಿ ನಡುಮನೆಯಿಂದ ಬಾಗಿಲಿಗೆ ನಾಲ್ಕು ಹೆಜ್ಜೆ, ನಡುವೆ ಆ ಫ್ಯಾನು. ಇವರು ಅಡುಗೆಮನೆ ಸುತ್ತಿಕೊಂಡು ಬರುತ್ತಿದ್ದರು. "ಪ್ರದಕ್ಷಿಣೆ ಮುಗೀತಾ?" ಎಂದು ಅವರ ಹೆಂಡತಿ ಕಾಮಾಕ್ಷಮ್ಮ ಒಲೆಯ ಮುಂದಿನಿಂದಲೇ ಛೇಡಿಸುತ್ತಿದ್ದರು.

ಕೆ.ಆರ್. ಪುರದಾಚೆಯ ಒಂದು ತರಬೇತಿ ಸಂಸ್ಥೆಯಲ್ಲಿ ಅವರು ವಿಮಾನದ ಇಂಜಿನ್ ಪಾಠ ಮಾಡುತ್ತಿದ್ದರು. ನಾನು ಅಲ್ಲೇ ಆಫೀಸಿನಲ್ಲಿದ್ದೆ. ನಮ್ಮ ಶೆಡ್ಡಿನಲ್ಲಿ ಎರಡು ಸೀಟಿನ ಒಂದು ಹಳೇ ವಿಮಾನವಿತ್ತು. ಹಾರುವ ಭಾಗ್ಯ ಅದಕ್ಕೆ ಮುಗಿದಿತ್ತು, ಇಂಜಿನ್ ಮಾತ್ರ ಗಟ್ಟಿ. ಪಾಠವಾದ ಮೇಲೆ ಸರ್ ಅದರ ಕೀ ತೆಗೆದು, ಹೊರಗಿನಿಂದ ಎಲ್ಲರಿಗೂ ಕಾಣುವಂತೆ ಮುಂದಿನ ಗಾಜಿನ ಕೆಳಗಿಡುತ್ತಿದ್ದರು. ಕಳ್ಳರಿಗೆ ತಾಂಬೂಲ ಕೊಟ್ಟು ಕರೆದಂತಾಯ್ತಲ್ಲ ಎಂದು ನಾನು ನಕ್ಕರೆ, "ಕಳ್ಳ ಇದನ್ನ ತಗೊಂಡ್ಹೋಗಿ ಟಿನ್ ಫ್ಯಾಕ್ಟರಿ ಟ್ರಾಫಿಕ್ಕಲ್ಲಿ ನಿಲ್ತಾನಾ? ಕೀ ಹೊರಗಿದೆ ಅಂತ ಹತ್ರ ಬರೋರಿಗೆ ಗೊತ್ತಾಗ್ಬೇಕಮ್ಮ" ಅನ್ನುತ್ತಿದ್ದರು. ಹಾಗೆಂದವರೇ, "ಆದ್ರೂ ಆ ಕೀನ ನಂಬಬೇಡಿ" ಎಂದು, ಯಾರೂ ಮುಟ್ಟದಿರಲೆಂದು ಮೂತಿಯಲ್ಲಿ ಫ್ಯಾನಿನಂತಿದ್ದ ಪ್ರೊಪೆಲ್ಲರಿಗೆ ಕೆಂಪು ಬಟ್ಟೆ ಕಟ್ಟಿ ಬರುತ್ತಿದ್ದರು. ಇದು ಸ್ವಲ್ಪ ಅತಿಯಾಯಿತು ಎಂದು ನಾವು ಒಳಗೊಳಗೇ ನಗುತ್ತಿದ್ದೆವು.

ಒಂದು ಆಯುಧಪೂಜೆಯ ದಿನ ಆ ಬಟ್ಟೆ ಬಿಚ್ಚಿದವಳು ರೇಣುಕಮ್ಮ. ಕಲಬುರಗಿ ಕಡೆಯಿಂದ ಬಂದು ಹೊರಮಾವಿನಲ್ಲಿ ಬಾಡಿಗೆ ರೂಮು ಮಾಡಿಕೊಂಡಿದ್ದ ಅವಳು ನಮ್ಮಲ್ಲಿ ಗುಡಿಸಿ ಒರೆಸುವ ಕೆಲಸಕ್ಕಿದ್ದಳು. ಸಂಜೆ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಇಡೀ ಸಂಸಾರ ನಿಂತಿದ್ದು ಆ ಎರಡು ಕೈಗಳ ಮೇಲೆ. ಲೇಥು, ಡ್ರಿಲ್ಲು ಎಲ್ಲಕ್ಕೂ ಕುಂಕುಮವಾಯಿತು. ಪ್ರೊಪೆಲ್ಲರ್ ಮಾತ್ರ ಓರೆಯಾಗಿ ನಿಂತು, ಹಾರ ಜಾರಿ ಜಾರಿ ಬೀಳುತ್ತಿತ್ತು. ದೇವರ ಕೆಲಸ ಸೊಟ್ಟಗಿದ್ದರೆ ಹೇಗೆ? ನೆಟ್ಟಗೆ ತಿರುಗಿಸೋಣವೆಂದು ಅವಳು ಕೈ ಹಾಕಿದಳು.

"ಮುಟ್ಬೇಡಿ!" ಸರ್ ಬಾಗಿಲಿಂದಲೇ ಕೂಗುತ್ತ ಓಡಿಬಂದರು.

"ಕೀಲಿ ಅಲ್ಲೇ ಅದ ನೋಡ್ರಿ ಸರ, ಏನಾಗ್ತದ?" ಎನ್ನುತ್ತ ಅವಳು ತಳ್ಳಿದಳು. ಅದೇ ಗಳಿಗೆಗೆ ಸರ್ ಅವಳ ತೋಳು ಹಿಡಿದು ಹಿಂದಕ್ಕೆಳೆದರು. ಇಬ್ಬರೂ ನೆಲಕ್ಕೆ ಬಿದ್ದರು. ಇಂಜಿನ್ ಢಬ್ಬೆಂದು ಕೆಮ್ಮಿತು. ಪ್ರೊಪೆಲ್ಲರ್ ಕಣ್ಣಿಗೆ ಕಾಣದಷ್ಟು ಜೋರಾಗಿ ಒಂದು ಸುತ್ತು ತಿರುಗಿ ನಿಂತಿತು. ಚೆಂಡುಹೂವು ಶೆಡ್ಡಿನ ತಗಡಿನವರೆಗೂ ಚಿಮ್ಮಿತು. ಕೀ ಗಾಜಿನ ಕೆಳಗೆ ಇಟ್ಟಲ್ಲೇ ಇತ್ತು.

"ರೇಣುಕಮ್ಮ, ಕೈ ತೋರ್ಸಿ," ಎಂದರು ಸರ್, ಬಿದ್ದಲ್ಲಿಂದಲೇ. ಅವಳು ಎರಡೂ ಕೈ ಚಾಚಿದಳು. ಒಂದೊಂದೇ ಬೆರಳು ಮುಟ್ಟಿ ನೋಡಿ, "ಮುರುಗಾ" ಎಂದು ಅವರು ಒಮ್ಮೆ ಕಣ್ಣು ಮುಚ್ಚಿ ತೆರೆದರು. ನನಗೆ ಹೋದ ಜೀವ ಬಂದಂತಾಯಿತು. ರೇಣುಕಮ್ಮ ಅಳುತ್ತಲೇ ನಗತೊಡಗಿದಳು, ಅವಳನ್ನು ನೋಡಿ ನಾವೂ.

ಸ್ವಿಚ್ಚಿನ ಹಿಂದೆ ಒಂದು ತಂತಿ ಕಳಚಿಕೊಂಡಿತ್ತು. "ನಿನ್ನೆ ನಾನೇ ಚೆಕ್ ಮಾಡಿದ್ದೆ, ಸರಿ ಇತ್ತು," ಎಂದರು ಸರ್. "ಮನೆ ಲೈಟಿಗೆ ವೈರ್ ಕಟ್ಟಾದ್ರೆ ಕತ್ತಲೆ. ಇದು ಉಲ್ಟಾ ಕಣಮ್ಮ. ಪ್ರೊಪೆಲ್ಲರನ್ನ ಕೈಯಲ್ಲಿ ತಿರುಗಿಸಿದ್ರೂ ಇಂಜಿನ್ನಲ್ಲಿ ಕಿಡಿ ಹುಟ್ಟುತ್ತೆ, ಆ ಕಿಡಿಯನ್ನ ಕಟ್ಟಿಹಾಕಿರೋದೇ ಈ ವೈರು. ಇದು ಬಿಟ್ಕೊಂಡ್ರೆ, ಕೀ ನಿಮ್ಮ ಕೈಯಲ್ಲಿದ್ರೂ ಅದಕ್ಕೆ ಜೀವ ಇರುತ್ತೆ."

ಆಮೇಲೆ ಅವರನ್ನು ನೋಡಿ ನಕ್ಕವರಿಲ್ಲ. ಅವರಿಗೆ ಮಾತ್ರ ಹೊಸದೊಂದು ಅಭ್ಯಾಸ ಅಂಟಿಕೊಂಡಿತು. ದಿನಾ ಬೆಳಿಗ್ಗೆ ಗೇಟಿನಲ್ಲಿ, "ರೇಣುಕಮ್ಮ, ಕೈ ತೋರ್ಸಿ." ಅವಳು ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಶಾಲೆ ಮಗುವಿನಂತೆ ಎರಡೂ ಕೈ ಚಾಚುವಳು. "ಎರಡೂ ಅವ ರೀ ಸರ." "ಸರಿ, ಹೋಗಿ." ಸರ್ ನಿವೃತ್ತರಾದ ಮೇಲೂ ಇದು ನಿಲ್ಲಲಿಲ್ಲ. ಅವಳು ರೊಟ್ಟಿ ಕೊಡಲು ಹಲಸೂರಿಗೆ ಹೋದರೆ ಮೊದಲು ಕೈ, ಆಮೇಲೆ ರೊಟ್ಟಿ.

ಕಳೆದ ತಿಂಗಳು ಸರ್ ನಿದ್ದೆಯಲ್ಲೇ ಹೋದರು. ನಾನೂ ರೇಣುಕಮ್ಮನೂ ಹೋದಾಗ ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರು. "ಈಗ್ಲಾದ್ರೂ ನೇರವಾಗಿ ಹೋಗ್ಲಿ" ಎಂದು ಕಾಮಾಕ್ಷಮ್ಮ ಟೇಬಲ್ ಫ್ಯಾನನ್ನು ಒಳಗಿಡಿಸಿದ್ದರು.

ರೇಣುಕಮ್ಮ ಹೂ ಹಾಕಿದಳು. ಕೈ ಮುಗಿಯುತ್ತಾಳೆಂದುಕೊಂಡೆ, ಮುಗಿಯಲಿಲ್ಲ. ಅವರ ಮುಖದ ಮುಂದೆ ಎರಡೂ ಕೈ ಚಾಚಿ, ಬೆರಳು ಬಿಡಿಸಿ ನಿಂತಳು.

"ಎರಡೂ ಅವ ರೀ ಸರ," ಎಂದಳು. "ಹೋಗಿ ಬರ್ರಿ."