ಹಳೇ ಕಾರಿಗೆ ಹೊಸ ದನಿ

ಕಳೆದ ವಾರ ಬಂಗಾರಪೇಟೆಯಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಯೊಂದಕ್ಕೆ ಫೋನ್ ಚಾರ್ಜ್ ಮಾಡುವ ವೈರು ಕೊಳ್ಳಲು ಹೋಗಿದ್ದೆ. ಒಳಗೆ ಕಾಲಿಟ್ಟದ್ದೇ ತಡ, ರೆಕ್ಸಿನ್ನಿಗೆ ಬಳಿಯುವ ಅಂಟಿನ ವಾಸನೆ ಮೂಗಿಗೆ ಬಡಿದು ನನ್ನ ಎದೆ ಧಸಕ್ಕೆಂದಿತು. ಅಂಟಿನ ವಾಸನೆಗೆ ಎದೆ ಧಸಕ್ಕೆನ್ನುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಅಂಗಡಿಯ ಬಾಷಾ, ಹೋದ ವರ್ಷ ನನ್ನ ಕಾರಿಗೆ ಹಾಡಿನ ಸೆಟ್ಟು ಕೂರಿಸಿದವನು, ನಗುನಗುತ್ತಾ, ಗುಡುಗಿನಂತೆ ಸದ್ದು ಮಾಡುವ ಆ ದೊಡ್ಡ ಸ್ಪೀಕರ್, ಅದೇ ವೂಫರ್, ಹೇಗಿದೆ ಎಂದು ವಿಚಾರಿಸಿದ. ಜೋರಾಗಿದೆ ಎಂದು ತಲೆ ಆಡಿಸಿದೆ. ಅವನ ಮುಖದಲ್ಲಿದ್ದ ಸಂತೋಷ ನೋಡಿದ ಮೇಲೆ, ಆ ವೂಫರ್ ನಮ್ಮ ಮನೆಯ ಮಂಚದ ಕೆಳಗೆ ಗೋಣಿಚೀಲದೊಳಗೆ ಮಲಗಿದೆ ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ಅವನಿಗೆ ಹೇಳದೆ ಬಿಟ್ಟದ್ದನ್ನು ನಿಮಗಾದರೂ ಹೇಳುತ್ತೇನೆ.

ನನ್ನದು ಏಟ್ ಹಂಡ್ರೆಡ್ ಕಾರು. ಅದು ಹುಟ್ಟಿದ ಕಾಲದಲ್ಲಿ ಫೋನು ಗೋಡೆಗೆ ಅಂಟಿಕೊಂಡಿರುತ್ತಿತ್ತು, ಜೇಬಿಗೆ ಬಂದಿರಲಿಲ್ಲ. ಹಾಗಾಗಿ ಕಾರಿನಲ್ಲಿ ಸಿಗರೇಟು ಹೊತ್ತಿಸಿಕೊಳ್ಳಲು ಒಂದು ತೂತು ಇದೆಯೇ ಹೊರತು ಫೋನಿಗೆ ಹೊಟ್ಟೆ ತುಂಬಿಸಲು ಏನೂ ಇಲ್ಲ. ಸಿಗರೇಟು ಸೇದದ ನಾನು ಆ ತೂತಿಗೆ ಚಾರ್ಜರ್ ಸಿಕ್ಕಿಸಿ ಓಡಾಡುತ್ತಿದ್ದೆ. ರಸ್ತೆ ಉಬ್ಬು ಬಂದಾಗಲೆಲ್ಲ ಅದು ಎಗರಿ ನನ್ನ ಹೆಂಡತಿಯ ಮಡಿಲಿಗೆ ಬೀಳುತ್ತಿತ್ತು. ಕೆಜಿಎಫ್ ರಸ್ತೆಗಳನ್ನು ಬಲ್ಲವರಿಗೆ ಅದು ಎಷ್ಟು ಸಲ ಬಿದ್ದಿರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಕಾರು ಮಾರಿಬಿಡಿ ಎಂದು ಅವಳು, ಚಾರ್ಜರ್ ಬದಲಾಯಿಸಿದರೆ ಸಾಕು ಎಂದು ನಾನು, ಹೀಗೆ ನಮ್ಮ ಸಂಸಾರ ಸಾಗುತ್ತಿತ್ತು.

ಹಾಡಿನ ಸೆಟ್ಟು ಹಾಕಿಸುವ ಹುಚ್ಚು ಹತ್ತಿದ್ದು ಮಾತ್ರ ಅತ್ತೆಯಿಂದ. ನಂಜಮ್ಮತ್ತೆ ನನ್ನ ಅಪ್ಪನ ಅಕ್ಕ. ಕ್ಯಾಸಂಬಳ್ಳಿ ಕಡೆಯ ನಮ್ಮ ಹಳ್ಳಿಯಿಂದ ಓದಲೆಂದು ಬಂದ ನನ್ನನ್ನು ಕೆಜಿಎಫ್‌ನ ಮೈಸೂರು ಮೈನ್ಸಿನಲ್ಲಿ, ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನುಮನೆಯೊಂದರಲ್ಲಿ ಇಟ್ಟುಕೊಂಡು ಸಾಕಿದವಳು. ನಾನು ಇಲ್ಲೇ ಫ್ಯಾಕ್ಟರಿ ಸೇರಿದೆ, ಇಲ್ಲೇ ಮದುವೆಯಾದೆ, ಅದೇ ಮನೆಯಲ್ಲಿ ಅವಳ ಜೊತೆಗೇ ಉಳಿದೆ. ಮೊದಲು ಅತ್ತೆ ರಾಗಿ ಬೀಸುವಾಗ, ಸೊಪ್ಪು ಸೋಸುವಾಗ, ಕಡೆಗೆ ನನ್ನನ್ನು ಬೈಯುವಾಗಲೂ ಏನಾದರೊಂದು ಪದ ಗುನುಗುತ್ತಿರುತ್ತಿದ್ದಳು. ಈಚೆಗೆ ಕಿವಿ ಮಂದವಾಗಿ ಅದು ನಿಂತುಹೋಯಿತು. ಕಾಮಸಮುದ್ರದ ಕಡೆ ನೆಂಟರ ಮನೆಗೆ ಕಾರಿನಲ್ಲಿ ಕರೆದುಕೊಂಡು ಹೋದರೆ, ಇಂಜಿನ್ನಿನ ಸದ್ದಿನ ನಡುವೆ ನನ್ನ ಮಾತೊಂದೂ ಅವಳಿಗೆ ತಲುಪುತ್ತಿರಲಿಲ್ಲ. ಸುಮ್ಮನೆ ರಸ್ತೆ ನೋಡುತ್ತಾ ಕೂತಿರುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಜೋರಾಗಿ ಹಾಡು ಹಾಕಿದರೆ ಕೇಳಿಸೀತು ಅನ್ನಿಸಿತು. ಕಿವುಡಿಗೆ ಹಾಡು ಕೇಳಿಸಲು ಹೊರಟ ಜಾಣ ಎಂದು ಹೆಂಡತಿ ನನ್ನನ್ನು ಆಡಿಕೊಂಡಳು.

ಬಾಷಾ ಮಾತ್ರ ನನ್ನ ಜಾಣತನವನ್ನು ತುಂಬಾ ಮೆಚ್ಚಿದ. ಬ್ಲೂಟೂತ್ ಸೆಟ್ಟು, ಬೇಗ ಚಾರ್ಜ್ ಆಗುವ ಪಾಯಿಂಟು, ಹಿಂದಿನ ಸೀಟಿನ ತಲೆಯ ಬಳಿ ಒಂದು ಜೊತೆ ಸ್ಪೀಕರ್, ಬಾಗಿಲಿಗೆ ಒಂದು ಜೊತೆ. ಇಷ್ಟು ಸಾಕಲ್ಲವೇ ಎಂದರೆ ಅವನು ನನ್ನನ್ನು ಕನಿಕರದಿಂದ ನೋಡಿದ.

"ವಯಸ್ಸಾದೋರ್ಗೆ ಕಿವಿಲಿ ಕೇಳ್ಸಲ್ಲ ಸಾರ್, ಮೈಯಾಗೆ ಕೇಳ್ಸತ್ತೆ. ಡಿಕ್ಕಿಗೆ ಒಂದ್ ವೂಫರ್ ಇಡ್ತೀನಿ, ಅಜ್ಜಿ ಎದ್ದು ಕೂತ್ಕೊಂತಾರೆ ನೋಡಿ."

ಎದ್ದು ಕೂರಲಿಲ್ಲ. ಎದ್ದು ಹೊರಟೇಬಿಟ್ಟಳು. ಆದರೆ ಅದನ್ನು ಹೇಳುವ ಮೊದಲು ನೆಲ ಗುದ್ದುವ ವಿಷಯ ಹೇಳಬೇಕು.

ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ನಮ್ಮ ನೆಲ ಒಮ್ಮೊಮ್ಮೆ ಒಳಗಿನಿಂದ ಗುದ್ದುತ್ತಿತ್ತು. ಆಳದಲ್ಲಿ ಬಂಡೆ ಒತ್ತಡ ತಾಳಲಾರದೆ ಸಿಡಿದರೆ ಮೇಲಿನ ಮನೆಗಳ ಪಾತ್ರೆಗಳು ಗಲಗಲ ಅನ್ನುತ್ತಿದ್ದವು, ಗೋಡೆಯ ಸುಣ್ಣ ಉದುರುತ್ತಿತ್ತು. ಆಗ ಲೈನಿನ ಹೆಂಗಸರು ಒಲೆ ಆರಿಸುತ್ತಿದ್ದರು, ಬಾಗಿಲು ಹಾಕುತ್ತಿದ್ದರು, ಗಣಿಗೆ ಇಳಿಯುವ ಶಾಫ್ಟಿನ ಗೇಟಿಗೆ ಹೋಗಿ ನಿಲ್ಲುತ್ತಿದ್ದರು. ಯಾರೂ ಅಳುವಂತಿಲ್ಲ. ಹೆಸರು ಹಿಡಿದು ಯಾರನ್ನೂ ಕೇಳುವಂತಿಲ್ಲ, ಏಕೆಂದರೆ ಎಲ್ಲರ ಮನೆಯವರೂ ಕೆಳಗೆ ಇದ್ದವರೇ. ಸೆರಗು ಬಾಯಿಗೆ ಒತ್ತಿಕೊಂಡು ಮೇಲೆ ಬರುವವರನ್ನು ಕಾಯುವುದೊಂದೇ ಕೆಲಸ. ಹುಡುಗನಾಗಿದ್ದಾಗ ನಾನೂ ಅತ್ತೆಯ ಸೆರಗು ಹಿಡಿದು ಹಾಗೆ ನಿಂತದ್ದುಂಟು. ನೆಲ ಎಷ್ಟು ಮೆಲ್ಲಗೆ ಗುದ್ದಿದರೂ ಅವಳು ಹೋಗದೆ ಇರುತ್ತಿರಲಿಲ್ಲ. ಅತ್ತೆಯ ಗಂಡ, ನಮ್ಮ ಮಾವ, ಹೋಗಿದ್ದು ಹಾಗೆ ಬಂಡೆ ಸಿಡಿದೇ. ನಾನು ಈ ಮನೆಗೆ ಬರುವುದಕ್ಕೂ ಮೊದಲು. ಅವತ್ತು ಎಲ್ಲರಿಗಿಂತ ಮುಂಚೆ ಗೇಟಿಗೆ ಓಡಿದವಳು ಅತ್ತೆಯೇ ಎಂದೂ, ಮಾವ ಅವಳ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟರೆಂದೂ ನಮ್ಮ ಮನೆತನಕ್ಕೆಲ್ಲ ಗೊತ್ತು. ಅಪ್ಪ ಈ ಕತೆಯನ್ನು ನೆಂಟರು ಸೇರಿದಾಗಲೆಲ್ಲ ಹೇಳುತ್ತಿದ್ದ. ಗಣಿ ಮುಚ್ಚಿತು. ನೆಲ ಸುಮ್ಮನಾಯಿತು. ನಾವು ಅದನ್ನೆಲ್ಲ ಮರೆತಿದ್ದೇವೆ ಎಂದುಕೊಂಡಿದ್ದೆವು.

ವೂಫರ್ ಹಾಕಿಸಿಕೊಂಡು ಬಂದ ಭಾನುವಾರ ಬೆಳಿಗ್ಗೆ, ಅಂಟಿನ ವಾಸನೆ ಇನ್ನೂ ಆರದ ಕಾರನ್ನು ಮನೆಯ ಗೋಡೆಗೆ ಒತ್ತಿ ನಿಲ್ಲಿಸಿ, ಗಾಜು ಏರಿಸಿ, ಒಂದು ಭಜನೆ ಹಾಕಿ ಸದ್ದನ್ನು ತುದಿಯವರೆಗೆ ತಿರುಗಿಸಿದೆ. ಸೀಟು ನಡುಗಿತು, ಒತ್ತಿ ನಿಲ್ಲಿಸಿದ್ದ ಗೋಡೆಯೂ ನಡುಗಿತು. ನನ್ನ ಬೆನ್ನು ಮೂಳೆ ನಡುಗಿತು. ಬಾಷಾನನ್ನು ಮನಸ್ಸಿನಲ್ಲೇ ಹೊಗಳುತ್ತಾ ಕಣ್ಣು ಮುಚ್ಚಿ ಕೂತೆ. ಗಾಜಿಗೆ ಹೆಂಡತಿ ಬಡಿದಾಗ ಕಣ್ಣು ಬಿಟ್ಟೆ. ಅವಳ ಮುಖ ಬಿಳಿಚಿಕೊಂಡಿತ್ತು. ಅತ್ತೆ ಒಳಗಿಲ್ಲ ಎಂದಳು. ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು, ಮೊರ ಹಾಗೇ ಇದೆ, ಕುದಿಯುತ್ತಿದ್ದ ಸಾರಿನ ಕೆಳಗೆ ಗ್ಯಾಸು ಆರಿದೆ, ಹಿತ್ತಲ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿದೆ.

ಆರಿಸಿದ ಒಲೆ ಅಂದ ತಕ್ಷಣ ನನಗೆ ಎಲ್ಲ ಹೊಳೆಯಿತು, ಕಾರನ್ನು ಶಾಫ್ಟಿನ ಕಡೆಗೆ ತಿರುಗಿಸಿದೆ.

ಶಾಫ್ಟಿನ ಗೇಟಿಗೆ ಬೀಗ ಜಡಿದು ಎಷ್ಟೋ ಕಾಲವಾಗಿದೆ, ಸುತ್ತ ಜಾಲಿ ಬೆಳೆದಿದೆ. ಅಲ್ಲಿ ಅತ್ತೆ ಬರಿಗಾಲಲ್ಲಿ ಕಂಬಿ ಹಿಡಿದು ನಿಂತಿದ್ದಳು. ನಾನು ಬೆಚ್ಚಿಬಿದ್ದದ್ದು ಅವಳನ್ನು ನೋಡಿಯಲ್ಲ. ಅವಳ ಹಿಂದೆ ಪಕ್ಕದ ಮನೆಯ ಮುನಿಯಮ್ಮ ನಿಂತಿದ್ದಳು. ಅವಳ ಹಿಂದೆ ಲೈನಿನ ಇನ್ನಷ್ಟು ಮುದುಕಿಯರು, ಒಬ್ಬಳ ಕೈಯಲ್ಲಿ ಸೌಟು, ಇನ್ನೊಬ್ಬಳ ತಲೆಯಲ್ಲಿ ಹರಳೆಣ್ಣೆ. ಕಿವಿ ನೆಟ್ಟಗಿದ್ದವರೂ ಇದ್ದರು, ಹಾಡು ಕೇಳಿಸಿಕೊಂಡವರೂ ಇದ್ದರು, ಆದರೂ ಬಂದಿದ್ದರು. ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಾನು ತಪ್ಪಾಯಿತೆಂದು ಏನೇನೋ ತೊದಲಿದೆ. ಯಾರೂ ಬೈಯಲಿಲ್ಲ, ನಗಲೂ ಇಲ್ಲ. ಒಬ್ಬೊಬ್ಬರಾಗಿ ಸೆರಗು ಸರಿಮಾಡಿಕೊಂಡು ಮನೆಗೆ ಹೋದರು.

ಅತ್ತೆಯನ್ನು ಕಾರಿನಲ್ಲಿ ಕೂರಿಸಿದೆ. ಅವಳ ತಲೆ ಕೆಟ್ಟಿತೇನೋ ಎಂಬ ದಿಗಿಲು ನನಗೆ. ಗಣಿ ಮುಚ್ಚಿದೆ ಅತ್ತೆ ಎಂದು ಅವಳ ಕಿವಿಯ ಹತ್ತಿರ ಕೂಗಿದೆ.

"ಗೊತ್ತು ಕಣ್ಲಾ. ಕಾಲ್ಗೆ ಗೊತ್ತಿಲ್ಲ, ಅದ್ಕೆ ಓಯ್ತು," ಅಂದಳು. ಆಮೇಲೆ ರಸ್ತೆ ನೋಡುತ್ತಲೇ ಅಂದಳು, "ಅವತ್ತು ಮಾತ್ರ ಓಗ್ಲಿಲ್ಲ."

ಅವತ್ತು ಅಂದರೆ ಮಾವ ಹೋದ ದಿನ. ನಡೆದದ್ದನ್ನು ಅವಳೇ ಹೇಳಿದಳು. ಅವತ್ತು ಮುದ್ದೆ ತಿರುವುತ್ತಿದ್ದಳಂತೆ. ನೆಲ ಗುದ್ದಿತು. ಸಣ್ಣದು, ಮುದ್ದೆ ಕಟ್ಟಿಟ್ಟು ಹೋದರಾಯಿತು ಅಂದುಕೊಂಡಳಂತೆ. ಹೋಗುವಷ್ಟರಲ್ಲಿ ಮಾವನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಮುದ್ದೆ ಕಟ್ಟುತ್ತಾ ಕೂತಿದ್ದಳು ಎಂದು ಗೊತ್ತಾದರೆ ಅವಳ ಅತ್ತೆಮನೆಯವರು ಸುಮ್ಮನಿರುತ್ತಾರೆಯೇ ಎಂದು ಲೈನಿನ ಹೆಂಗಸರೇ ಕೂಡಿ, ನಂಜಮ್ಮ ಮುಂಚೆಯೇ ಬಂದಿದ್ದಳು, ಅವಳ ತೊಡೆಯ ಮೇಲೇ ಹೋದ ಎಂದು ಊರಿಗೆಲ್ಲ ಹೇಳಿದರು. ಅತ್ತೆ ಇಲ್ಲ ಅನ್ನಲಿಲ್ಲ.

"ಮ್ಯಾಕ್ ಬಂದಾಗ ಜೀವ ಇತ್ತೋ ಇಲ್ವೋ, ನಾನ್ ಕೇಳ್ಲಿಲ್ಲ. ಅವರೂ ಏಳ್ಲಿಲ್ಲ. ಇದ್ದಿದ್ರೆ ನನ್ನ ಕೂಗಿರ್ತಾನೆ. ಕೂಗ್ದಾಗ ಓ ಅನ್ನೋಕೆ ಯಾರೂ ಇರ್ಲಿಲ್ಲ."

ಅಪ್ಪ ಅಷ್ಟು ಸಲ ಹೇಳಿದ, ನಾನು ಮಗ್ಗಿಯಷ್ಟೇ ಗಟ್ಟಿಯಾಗಿ ನಂಬಿದ ಕತೆಯೊಳಗೆ ಅತ್ತೆಯೇ ಇರಲಿಲ್ಲ. ಇಷ್ಟು ವರ್ಷ ಅವಳು ಕೈಯಾರೆ ಕಟ್ಟಿಕೊಟ್ಟ ಮುದ್ದೆ ತಿಂದವನು ನಾನು. ಪ್ರತಿ ಸಲ ಮುದ್ದೆ ಕಟ್ಟುವಾಗಲೂ ಅವಳಿಗೆ ಏನಾಗುತ್ತಿತ್ತೋ. ಮನೆಗೆ ಬಂದವನೇ ವೂಫರ್ ಬಿಚ್ಚಿ ಗೋಣಿಚೀಲಕ್ಕೆ ತುಂಬಿದೆ.

ಉಳಿದ ಸ್ಪೀಕರುಗಳನ್ನು ಹಾಗೇ ಬಿಟ್ಟೆ. ಅವು ಇನ್ನೊಂದು ಆಘಾತ ಕೊಟ್ಟವು, ಆದರೆ ನಗಿಸುವಂಥದ್ದು. ಒಮ್ಮೆ ಕ್ಯಾಸಂಬಳ್ಳಿಯಿಂದ ಬರುವಾಗ ಹೆಂಡತಿಯ ಫೋನು ಬಂತು. ಬ್ಲೂಟೂತಿನ ಗುಣ ನಿಮಗೆ ಗೊತ್ತಲ್ಲ, ಅವಳ ಮಾತೆಲ್ಲ ಕಾರಿನ ತುಂಬ ಮೊಳಗಿತು. ಹಿಂದಿನ ಸೀಟಿನಲ್ಲಿ ಸ್ಪೀಕರಿಗೆ ತಲೆಯೊರಗಿಸಿ ಕೂತಿದ್ದ ಅತ್ತೆ ನನ್ನ ಭುಜ ತಟ್ಟಿ, "ಕೊತ್ಮಿರಿ ತರ್ಬೇಕಂತೆ, ಕೇಳಿಸ್ಕೊಂಡ್ಯಾ?" ಅಂದಳು. ನಾನು ಕಾರನ್ನು ಗುಂಡಿಗೆ ಇಳಿಸದೆ ಉಳಿಸಿದ್ದೇ ಹೆಚ್ಚು. ಎದುರಿಗೆ ನಿಂತು ಅರಚಿದರೂ ಕೇಳಿಸದ ಅತ್ತೆಗೆ ಕಾರಿನೊಳಗೆ ಬರುವ ಫೋನಿನ ಮಾತು ಒಂದೂ ಬಿಡದೆ ಕೇಳಿಸುತ್ತಿತ್ತು. ಆಮೇಲೆ ನೆಂಟರಿಷ್ಟರಿಗೆ ಫೋನು ಮಾಡಿಸುವುದಕ್ಕೆಂದೇ ಅವಳು ಬಂದು ಕಾರಿನಲ್ಲಿ ಕೂರತೊಡಗಿದಳು. ನಮ್ಮ ಮನೆಯ ವಿಷಯವೆಲ್ಲ ಕಾರಿನಲ್ಲೇ ತೀರ್ಮಾನವಾಗತೊಡಗಿತು.

ಅತ್ತೆ ಹೇಳಿದ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಒಂದು ದಿನ ತಡೆಯಲಾರದೆ, ಅವತ್ತು ಗೇಟಿನಲ್ಲಿದ್ದ ಮುನಿಯಮ್ಮನನ್ನು ಕೇಳಿಯೇಬಿಟ್ಟೆ. ಮಾವನನ್ನು ಮೇಲೆ ತಂದಾಗ ಜೀವವಿತ್ತೇ? ಅವಳು ನೆಲ ನೋಡುತ್ತಾ ಇತ್ತು ಅಂದಳು. ಉಳಿದದ್ದನ್ನೂ ಹೇಳಿದಳು. ಇದನ್ನು ಅತ್ತೆಗೆ ಯಾಕೆ ಹೇಳಲಿಲ್ಲ ಎಂದು ಗದರಿದೆ.

"ಎಂಗ್ ಏಳೋದು ತಂಬಿ? ಕೂಗ್ದ ಅಂದ್ರೆ, ನಾನ್ ಇರ್ಲಿಲ್ವೇ ಅಂತ ಆ ಕ್ಷಣನೇ ಬಾವಿಗ್ ಬೀಳ್ತಿದ್ಲು. ಆಮ್ಯಾಕೆ ಕಿವಿ ಓಯ್ತು. ಈಗ್ ಏಳ್ಬೇಕು ಅಂದ್ರೆ ಲೈನ್‌ಗೆಲ್ಲ ಕೇಳೋ ಅಂಗೆ ಕಿರಿಚ್ಬೇಕು."

ಅದೂ ನಿಜವೇ. ಲೈನುಮನೆಗಳಿಗೆ ನಡುವೆ ಇರುವುದು ಒಂದೇ ಗೋಡೆ. ನಾನು ಕಾರಿನ ಫೋನಿನ ವಿಷಯ ಹೇಳಿದೆ. ಎದುರಿಗೆ ನಿಂತು ಹೇಳುವಷ್ಟು ಧೈರ್ಯವಿಲ್ಲ, ಫೋನಿನಲ್ಲಾದರೆ ನೋಡೋಣ ಎಂದಳು. ನೋಡೋಣ ಎನ್ನುತ್ತಲೇ ತಿಂಗಳುಗಳನ್ನು ತಳ್ಳಿದಳು. ಕಳೆದ ವಾರ ಒಂದು ಬೆಳಿಗ್ಗೆ ನನ್ನ ಹತ್ತಿರ ಬಂದು ಇವತ್ತು ಎಂದಳು. ನನ್ನ ಫೋನು ಹಳತು, ಮಾತಿನ ನಡುವೆ ಸಾಯುವ ಚಾಳಿಯದು. ಅವತ್ತು ಅದು ಸತ್ತರೆ ಆ ಮಾತು ಅವಳ ಬಾಯಿಂದ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ ಬಂಗಾರಪೇಟೆಗೆ ಹೋಗಿ ಹೊಸ ವೈರು ತಂದದ್ದು.

ಸಂಜೆ ಅತ್ತೆಯನ್ನು ಕೂರಿಸಿಕೊಂಡು ಗಣಿಯ ಪುಡಿಮಣ್ಣು ಸುರಿದು ಎದ್ದ ಸೈನೈಡ್ ಗುಡ್ಡೆಯ ಪಕ್ಕ ಜನವಿಲ್ಲದ ಕಡೆ ಕಾರು ನಿಲ್ಲಿಸಿದೆ. ಗಾಜು ಏರಿಸಿದೆ. ವೈರು ಸಿಕ್ಕಿಸಿದೆ. ಫೋನು ಬಂತು.

"ಅಕ್ಕಾ, ನಾನು ಮುನಿ. ಮಧ್ಯೆ ಮಾತಾಡ್ಬ್ಯಾಡ, ಆಮೇಲ್ ನಂಗ್ ಏಳಕ್ ಆಗಲ್ಲ," ಎಂದು ಮುನಿಯಮ್ಮನ ದನಿ ನಾಲ್ಕೂ ಕಡೆಯಿಂದ ಬಂತು. "ಅವತ್ತು ಅಣ್ಣನ್ನ ತಂದು ಗೇಟ್‌ತಾವ ಇಳಿಸುದ್ರು. ಜೀವ ಇತ್ತು. ಕಣ್ಣೆಲ್ಲ ಮಣ್ಣು, ಏನೂ ಕಾಣ್ತಿರ್ಲಿಲ್ಲ. ಯಾರ್ ಗಂಡ ಆದ್ರೂ ಅತ್ರ ಇದ್ದೋಳು ಓಗಿ ತಲೆ ಇಡ್ಕೋಬೇಕಲ್ಲ, ನಾನ್ ಇಡ್ಕೊಂಡೆ. ನಂಜೀ ಅಂದ. ನಾನು ಓ, ಇಲ್ಲೇ ಇವ್ನಿ ಅಂದೆ. ನಿನ್ ತರಾನೇ ಅಂದೆ ಅಕ್ಕಾ."

ಫೋನು ಸತ್ತಿತೇನೋ ಎಂದು ಗಾಬರಿಯಿಂದ ನೋಡಿದೆ. ಇಲ್ಲ, ಮುನಿಯಮ್ಮ ಉಸಿರಾಡುವುದು ಕೇಳಿಸುತ್ತಿತ್ತು. ಅತ್ತೆ ಕತ್ತು ತಿರುಗಿಸಿ, ಸ್ಪೀಕರಿನ ಒಳಗೆ ಮುನಿಯಮ್ಮ ಕೂತಿದ್ದಾಳೇನೋ ಎಂಬಂತೆ ಅದಕ್ಕೆ ಬಾಯಿ ಕೊಟ್ಟು ಕೇಳಿದಳು.

"ನಾನೇ ಅಂತ ನಂಬುದ್ನಾ, ಮುನೀ?"

"ನಂಬ್ದ. ನನ್ ಕೈ ಬಿಗ್ಯಾಗ್ ಇಡ್ಕೊಂಡ. ಆಮ್ಯಾಕೇ ಜೀವ ಬಿಟ್ಟಿದ್ದು."

ಅತ್ತೆ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಸ್ವಲ್ಪ ಹೊತ್ತಿನ ಮೇಲೆ ತೆಗೆದಳು. ಮನೆಗೆ ನಡಿ ಎಂದಳು. ಲೈನಿನ ಹತ್ತಿರ ಬಂದಾಗ ಮುನಿಯಮ್ಮ ಇನ್ನೂ ಫೋನನ್ನು ಕಿವಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಕಾರಿನಿಂದ ಇಳಿದು ನೇರ ಅವಳ ಹತ್ತಿರ ಹೋಗಿ, "ಯಾವ್ ಕೈ?" ಎಂದು ಕೇಳಿದಳು. ಮುನಿಯಮ್ಮ ಫೋನನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈ ಚಾಚಿದಳು.